ಗಣಿತಜ್ಞ ಭಾಸ್ಕರಾಚಾರ್ಯರು ಮತ್ತು ಒಂದು ಹತ್ತಂಕಿಯ ಸಂಖ್ಯೆ



ಒಂದು ಚಿಕ್ಕ ಲೆಕ್ಕದಿಂದ ಆರಂಭಿಸೋಣ. ಸೊನ್ನೆಯನ್ನು ಬಿಟ್ಟು ಯಾವುದಾದರೊಂದು ಪೂರ್ಣಸಂಖ್ಯೆಯನ್ನು ತೆಗೆದುಕೊಳ್ಳಿ. ಅದರ ವರ್ಗವನ್ನು 61ರಿಂದ ಗುಣಿಸಿ, ಬಂದ ಗುಣಲಬ್ಧಕ್ಕೆ 1 ಕೂಡಿಸಿ. ಈ ಮೊತ್ತವು ಮತ್ತೊಂದು ಪೂರ್ಣಸಂಖ್ಯೆಯ ವರ್ಗವಾಗಿರಬೇಕು. ಹಾಗಾದರೆ ನೀವು ತೆಗೆದುಕೊಳ್ಳಬೇಕಾದ ಸಂಖ್ಯೆ ಯಾವುದು?

1 ತೆಗೆದುಕೊಂಡರೆ ಮೊತ್ತ 62 ಆಗುತ್ತದೆ, ಅದು ವರ್ಗಸಂಖ್ಯೆಯಲ್ಲ. 2 ತೆಗೆದುಕೊಂಡರೆ 245, ಅದೂ ಅಲ್ಲ. 3 ತೆಗೆದುಕೊಂಡರೆ 550, ಅದೂ ಅಲ್ಲ. ಹೀಗೆ ಒಂದೊಂದಾಗಿ ನೋಡುತ್ತ ಹೋದರೆ ಸಾವಿರ ದಾಟಿದರೂ ಉತ್ತರ ಸಿಗುವುದಿಲ್ಲ, ಲಕ್ಷ ದಾಟಿದರೂ ಸಿಗುವುದಿಲ್ಲ, ಕೋಟಿ ದಾಟಿದರೂ ಸಿಗುವುದಿಲ್ಲ. ಮೊದಲ ಉತ್ತರ ಸಿಗುವುದು 22,61,53,980ರಲ್ಲಿ, ಅಂದರೆ ಇಪ್ಪತ್ತೆರಡು ಕೋಟಿ ಅರವತ್ತೊಂದು ಲಕ್ಷ ಐವತ್ತಮೂರು ಸಾವಿರದ ಒಂಬೈನೂರ ಎಂಬತ್ತರಲ್ಲಿ. ಆಗ ಬರುವ ಮೊತ್ತವು 1,76,63,19,049 ಎಂಬ ಹತ್ತಂಕಿಯ ಸಂಖ್ಯೆಯ ವರ್ಗ. ನಿಮಿಷಕ್ಕೊಂದು ಸಂಖ್ಯೆಯಂತೆ ಹಗಲು ರಾತ್ರಿ ಬಿಡದೆ ಪರೀಕ್ಷಿಸಿದರೆ ಅಲ್ಲಿಗೆ ಮುಟ್ಟಲು ಸುಮಾರು 430 ವರ್ಷ ಬೇಕಾಗುತ್ತದೆ!

ಈ ಉತ್ತರವನ್ನು ಕಂಪ್ಯೂಟರ್ ಇಲ್ಲದ, ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ, ಕ್ರಿ.ಶ. 1150ರಲ್ಲಿ, ಕೆಲವೇ ಸಾಲುಗಳ ಲೆಕ್ಕದಿಂದ ಕೊಟ್ಟವರು ಭಾಸ್ಕರಾಚಾರ್ಯರು. ಆಗ ಅವರಿಗೆ 36 ವರ್ಷ ವಯಸ್ಸು. ಆ ಮಹಾನುಭಾವರ ಬದುಕನ್ನೂ, ಈ ಸಂಖ್ಯೆಯ ಗುಣಗಳನ್ನೂ ಒಟ್ಟಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಹುಟ್ಟು ಮತ್ತು ಮನೆತನ

ಭಾಸ್ಕರಾಚಾರ್ಯರು ಶಾಲಿವಾಹನ ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಜನಿಸಿದರು. ಇದು ನಂತರದವರು ಊಹಿಸಿದ ವರ್ಷವಲ್ಲ. ಅವರೇ ತಮ್ಮ ಗ್ರಂಥದಲ್ಲಿ ಹುಟ್ಟಿದ ವರ್ಷವನ್ನೂ, ಗ್ರಂಥ ರಚಿಸಿದಾಗಿನ ವಯಸ್ಸನ್ನೂ ಬರೆದಿಟ್ಟಿದ್ದಾರೆ. ಏಳನೆಯ ಶತಮಾನದಲ್ಲಿ ಇದೇ ಹೆಸರಿನ ಮತ್ತೊಬ್ಬ ಗಣಿತಜ್ಞರಿದ್ದುದರಿಂದ ಇವರನ್ನು ಎರಡನೆಯ ಭಾಸ್ಕರ ಎಂದು ಕರೆಯುವುದುಂಟು. ತಂದೆ ಮಹೇಶ್ವರರು ಜ್ಯೋತಿಷ ಮತ್ತು ಗಣಿತದಲ್ಲಿ ಪಂಡಿತರು. ತಂದೆಯೇ ಮಗನಿಗೆ ಗುರು.

ತಮ್ಮ ಊರು ಸಹ್ಯಾದ್ರಿಯ ಆಸರೆಯಲ್ಲಿರುವ ವಿಜ್ಜಡವಿಡ ಎಂದು ಅವರು ಹೇಳಿಕೊಂಡಿದ್ದಾರೆ. ಈ ವಿಜ್ಜಡವಿಡವೇ ಇಂದಿನ ವಿಜಯಪುರ, ಅಂದರೆ ನಾವು ಬಹುಕಾಲ ಬಿಜಾಪುರ ಎಂದು ಕರೆದ ಊರು, ಎಂಬುದು ಅನೇಕ ವಿದ್ವಾಂಸರ ಮತ. ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಚಾಳೀಸಗಾಂವ ಸಮೀಪದ ಪಾಟಣ ಪ್ರದೇಶವೇ ಅವರ ನೆಲ ಎಂಬುದು ಇನ್ನು ಕೆಲವರ ಮತ. ಎರಡೂ ಕಡೆಯವರು ಭಾಸ್ಕರರನ್ನು ನಮ್ಮವರು ಎಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ವಿದ್ಯಾವಂತನೊಬ್ಬನಿಗಾಗಿ ಎರಡು ಊರುಗಳು ಪೈಪೋಟಿ ನಡೆಸುವುದು ಒಳ್ಳೆಯ ಪೈಪೋಟಿಯೇ ಅಲ್ಲವೇ?

ಅವರು ಬಾಳಿದ ಕಾಲ ನಮಗೆ ಅಪರಿಚಿತವೇನಲ್ಲ. ಬಸವಣ್ಣನವರ ಹನ್ನೆರಡನೆಯ ಶತಮಾನವೇ ಅವರ ಶತಮಾನ. ನಮ್ಮ ಭಾಗದಲ್ಲಿ ಕಲ್ಯಾಣದ ಚಾಲುಕ್ಯರ ಆಳ್ವಿಕೆಯ ಕೊನೆಯ ದಶಕಗಳು. ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಇಂದಿಗೂ ನಿಂತಿರುವ ಚಂದ್ರಮೌಳೇಶ್ವರ ಗುಡಿಯ ಶಿಲ್ಪವನ್ನು ನೋಡಿದವರಿಗೆ ಆ ಯುಗದ ಕುಶಲತೆಯ ಅಂದಾಜು ಸಿಗುತ್ತದೆ. ಕಲ್ಲಿನಲ್ಲಿ ಅಷ್ಟು ನಿಖರವಾಗಿ ಅಳತೆ ಹಿಡಿದ ಜನ ಸಂಖ್ಯೆಯಲ್ಲೂ ಅಷ್ಟೇ ನಿಖರವಾಗಿದ್ದರು.

ಗ್ರಂಥಗಳು

1150ರಲ್ಲಿ ಭಾಸ್ಕರರು ರಚಿಸಿದ ಮಹಾಗ್ರಂಥ 'ಸಿದ್ಧಾಂತ ಶಿರೋಮಣಿ'. ಅದರಲ್ಲಿ ನಾಲ್ಕು ಭಾಗಗಳು: ಅಂಕಗಣಿತವನ್ನು ಕಲಿಸುವ 'ಲೀಲಾವತಿ', ಅವ್ಯಕ್ತ ಸಂಖ್ಯೆಗಳ ಲೆಕ್ಕವನ್ನು ಕಲಿಸುವ 'ಬೀಜಗಣಿತ', ಗ್ರಹಗಳ ಚಲನೆಯನ್ನು ವಿವರಿಸುವ 'ಗ್ರಹಗಣಿತ' ಮತ್ತು ಗೋಲದ ವಿಚಾರವನ್ನು ಹೇಳುವ 'ಗೋಲಾಧ್ಯಾಯ'. ಈ ಗ್ರಂಥಕ್ಕೆ ಅವರೇ ವ್ಯಾಖ್ಯಾನವನ್ನೂ ಬರೆದರು. 1183ರ ಕಾಲಮಾನವನ್ನು ಆಧಾರವಾಗಿಟ್ಟುಕೊಂಡು, 69ರ ವಯಸ್ಸಿನಲ್ಲಿ, ಪಂಚಾಂಗದ ಲೆಕ್ಕವನ್ನು ಸುಲಭಗೊಳಿಸುವ 'ಕರಣಕುತೂಹಲ' ಎಂಬ ಕಿರುಗ್ರಂಥವನ್ನು ರಚಿಸಿದರು. ಅಂದರೆ ಮೂವತ್ತಾರರಲ್ಲಿ ಹಿಡಿದ ಲೇಖನಿಯನ್ನು ಎಪ್ಪತ್ತರ ಹತ್ತಿರವೂ ಕೆಳಗಿಟ್ಟಿರಲಿಲ್ಲ.

ಭೂಮಿಯು ವಸ್ತುಗಳನ್ನು ತನ್ನತ್ತ ಸೆಳೆಯುವ ಶಕ್ತಿ ಹೊಂದಿದೆ, ಆದ್ದರಿಂದಲೇ ಅವು ಕೆಳಗೆ ಬೀಳುವಂತೆ ತೋರುತ್ತವೆ ಎಂಬ ವಿಚಾರ ಗೋಲಾಧ್ಯಾಯದಲ್ಲಿದೆ. ಗ್ರಹವೊಂದರ ಆ ಕ್ಷಣದ ವೇಗವನ್ನು ಲೆಕ್ಕ ಹಾಕುವ ಕ್ರಮವೂ ಅವರ ಗ್ರಂಥದಲ್ಲಿದೆ. ನಮ್ಮ ದೇಶವು 1979ರಲ್ಲಿ ಮತ್ತು 1981ರಲ್ಲಿ ಹಾರಿಸಿದ ಎರಡು ಉಪಗ್ರಹಗಳಿಗೆ ಭಾಸ್ಕರ ಎಂಬ ಹೆಸರಿಟ್ಟದ್ದು ಈ ಪರಂಪರೆಯ ನೆನಪಿಗಾಗಿಯೇ.

ಅರವತ್ತೊಂದರ ಲೆಕ್ಕ

ಈಗ ನಮ್ಮ ಸಂಖ್ಯೆಗೆ ಬರೋಣ. ಇಂತಹ ಲೆಕ್ಕಗಳಿಗೆ ಹಿಂದಿನವರು ವರ್ಗಪ್ರಕೃತಿ ಎಂದು ಹೆಸರಿಟ್ಟಿದ್ದರು. ಹುಡುಕಬೇಕಾದ ಚಿಕ್ಕ ಸಂಖ್ಯೆಗೆ ಕನಿಷ್ಠ ಎಂದೂ, ದೊಡ್ಡದಕ್ಕೆ ಜ್ಯೇಷ್ಠ ಎಂದೂ ಹೆಸರು.

61ರ ಅಕ್ಕಪಕ್ಕದ ಸಂಖ್ಯೆಗಳನ್ನು ನೋಡಿದರೆ ನಿಮಗೆ ಆಶ್ಚರ್ಯವಾಗುತ್ತದೆ. 60ಕ್ಕೆ ಕನಿಷ್ಠ 4, ಜ್ಯೇಷ್ಠ 31: 60 × 16 + 1 = 961, ಇದು 31ರ ವರ್ಗ. 62ಕ್ಕೆ ಕನಿಷ್ಠ 8, ಜ್ಯೇಷ್ಠ 63: 62 × 64 + 1 = 3969, ಇದು 63ರ ವರ್ಗ. 63ಕ್ಕಂತೂ ಕನಿಷ್ಠ 1, ಜ್ಯೇಷ್ಠ 8. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಈ ಮೂರನ್ನೂ ನೀವು ಬಾಯಿಲೆಕ್ಕದಲ್ಲೇ ಪರೀಕ್ಷಿಸಬಹುದು. ಇವುಗಳ ನಡುವೆ ಕುಳಿತ 61 ಮಾತ್ರ ಹತ್ತಂಕಿಯ ಉತ್ತರವನ್ನು ಕೇಳುತ್ತದೆ. ನೂರರೊಳಗಿನ ಯಾವ ಸಂಖ್ಯೆಯೂ ಇದಕ್ಕಿಂತ ದೊಡ್ಡ ಉತ್ತರವನ್ನು ಕೇಳುವುದಿಲ್ಲ. ಪ್ರಶ್ನೆಯ ಗಾತ್ರವನ್ನು ನೋಡಿ ಉತ್ತರದ ಗಾತ್ರವನ್ನು ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಭಾಸ್ಕರರು ಬಳಸಿದ ವಿಧಾನದ ಹೆಸರು ಚಕ್ರವಾಲ. ಚಕ್ರ ಸುತ್ತಿದಂತೆ ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುತ್ತ ಗುರಿ ಮುಟ್ಟುವ ಕ್ರಮ ಇದು. ಮೊದಲಿಗೆ ಸುಲಭವಾದ, ಆದರೆ ಪೂರ್ತಿ ಸರಿಯಿಲ್ಲದ ಒಂದು ಉತ್ತರವನ್ನು ಹಿಡಿಯಬೇಕು. 8ರ ವರ್ಗ 64. 61 × 1 = 61. ನಮಗೆ ಬೇಕಾದ ವ್ಯತ್ಯಾಸ 1, ಇಲ್ಲಿ ಬಂದದ್ದು 3. ಇರಲಿ, ಚಿಂತೆಯಿಲ್ಲ.

ಈಗ ಒಂದು ಸಹಾಯಕ ಸಂಖ್ಯೆ ಬೇಕು. ಅದನ್ನು 8ಕ್ಕೆ ಕೂಡಿಸಿದರೆ ಮೊತ್ತವು 3ರಿಂದ ಭಾಗವಾಗಬೇಕು, ಮತ್ತು ಅದರ ವರ್ಗವು 61ಕ್ಕೆ ಆದಷ್ಟು ಹತ್ತಿರವಿರಬೇಕು. 7 ಸರಿಹೊಂದುತ್ತದೆ: 8 + 7 = 15, ಅದನ್ನು 3ರಿಂದ ಭಾಗಿಸಿದರೆ 5. ಇದು ಹೊಸ ಕನಿಷ್ಠ. 8 × 7 + 61 = 117, ಅದನ್ನು 3ರಿಂದ ಭಾಗಿಸಿದರೆ 39. ಇದು ಹೊಸ ಜ್ಯೇಷ್ಠ. ಪರೀಕ್ಷಿಸಿ ನೋಡಿ: 39ರ ವರ್ಗ 1521, 61 × 25 = 1525. ಈಗ 4 ಕಡಿಮೆ ಬಂದಿದೆ.

ವ್ಯತ್ಯಾಸ 4ಕ್ಕೆ ಬಂದು ನಿಂತರೆ ಮುಂದಿನ ದಾರಿ ಹತ್ತಿರ ಎಂಬುದನ್ನು ಕ್ರಿ.ಶ. 628ರಲ್ಲಿಯೇ ಬ್ರಹ್ಮಗುಪ್ತರು ತೋರಿಸಿದ್ದರು. ಎರಡು ಉತ್ತರಗಳನ್ನು ಒಂದಕ್ಕೊಂದು ಹೆಣೆದು ಮೂರನೆಯದನ್ನು ಪಡೆಯುವ ಅವರ ಕ್ರಮಕ್ಕೆ ಭಾವನಾ ಎಂದು ಹೆಸರು. ಅದನ್ನು ಬಳಸಿದರೆ 39 ಮತ್ತು 5ರಿಂದ ನಾವು 29,718 ಮತ್ತು 3,805ಕ್ಕೆ ತಲುಪುತ್ತೇವೆ. 29,718ರ ವರ್ಗ 88,31,59,524. 3,805ರ ವರ್ಗವನ್ನು 61ರಿಂದ ಗುಣಿಸಿದರೆ 88,31,59,525. ಈಗ ವ್ಯತ್ಯಾಸ ಒಂದೇ ಒಂದು! ಆದರೆ ಅದು ತಲೆಕೆಳಗಾಗಿದೆ. 61ರ ಕಡೆಗೆ 1 ಹೆಚ್ಚಾಗಿದೆ, ನಮಗೆ ಬೇಕಾದದ್ದು 1 ಕಡಿಮೆ.

ಇಲ್ಲಿಂದ ಮುಂದಿನದು ನಿಮ್ಮ ಹತ್ತನೆಯ ತರಗತಿಯ ಪಾಠವೇ. ಯಾವುದೇ ಎರಡು ಸಂಖ್ಯೆಗಳ ಮೊತ್ತದ ವರ್ಗದಿಂದ ಅವುಗಳ ಗುಣಲಬ್ಧದ ನಾಲ್ಕು ಪಟ್ಟನ್ನು ಕಳೆದರೆ ಉಳಿಯುವುದು ಅವುಗಳ ವ್ಯತ್ಯಾಸದ ವರ್ಗ. ಮೇಲಿನ ಎರಡು ಸಂಖ್ಯೆಗಳ ವ್ಯತ್ಯಾಸ 1, ಅದರ ವರ್ಗವೂ 1. ಅವುಗಳ ಮೊತ್ತ 88,31,59,524 + 88,31,59,525 = 1,76,63,19,049. ಇದೇ ನಮ್ಮ ಜ್ಯೇಷ್ಠ! ಅವುಗಳ ಗುಣಲಬ್ಧದ ನಾಲ್ಕು ಪಟ್ಟು ಎಂದರೆ, 29,718 ಮತ್ತು 3,805ರ ಗುಣಲಬ್ಧವನ್ನು ಇಮ್ಮಡಿಗೊಳಿಸಿ, ವರ್ಗ ಮಾಡಿ, 61ರಿಂದ ಗುಣಿಸಿದ್ದು. ಆ ಇಮ್ಮಡಿ ಗುಣಲಬ್ಧವೇ 22,61,53,980. ಇದೇ ನಮ್ಮ ಕನಿಷ್ಠ. ಲೆಕ್ಕ ಮುಗಿಯಿತು.

ಸಂಖ್ಯೆಯ ಗುಣಗಳು

1,76,63,19,049 ಎಂಬ ಈ ಸಂಖ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದರಿಂದ 1 ಕಳೆದು ಅರ್ಧ ಮಾಡಿದರೆ 29,718ರ ಪೂರ್ಣವರ್ಗ ಸಿಗುತ್ತದೆ. ಅದಕ್ಕೆ 1 ಕೂಡಿಸಿ, ಅರ್ಧ ಮಾಡಿ, 61ರಿಂದ ಭಾಗಿಸಿದರೆ 3,805ರ ಪೂರ್ಣವರ್ಗ ಸಿಗುತ್ತದೆ. ಒಂದು ಕಡೆ ಕಳೆದರೂ ವರ್ಗ, ಇನ್ನೊಂದು ಕಡೆ ಕೂಡಿಸಿದರೂ ವರ್ಗ!

ಜ್ಯೇಷ್ಠವನ್ನು ಕನಿಷ್ಠದಿಂದ ಭಾಗಿಸಿದರೆ 61ರ ವರ್ಗಮೂಲ ಸಿಗುತ್ತದೆ. ಪೂರ್ತಿ ಅಲ್ಲ, ಏಕೆಂದರೆ ಆ ವರ್ಗಮೂಲವನ್ನು ಯಾವ ಭಿನ್ನರಾಶಿಯಿಂದಲೂ ಪೂರ್ತಿಯಾಗಿ ಬರೆಯಲಾಗದು. ಆದರೆ ಬರುವ ದೋಷವು 1ರ ಮುಂದೆ 17 ಸೊನ್ನೆಗಳಿರುವ ಸಂಖ್ಯೆಯ ಒಂದಂಶಕ್ಕಿಂತಲೂ ಕಡಿಮೆ.

ಜ್ಯೇಷ್ಠದ ವರ್ಗ 31,19,88,29,82,86,02,64,401. ಇದರಲ್ಲಿ 19 ಅಂಕಿಗಳಿವೆ. ಕನಿಷ್ಠದ ವರ್ಗವನ್ನು 61ರಿಂದ ಗುಣಿಸಿದರೆ ಕೊನೆಯಲ್ಲಿ 401ರ ಬದಲು 400 ಬರುತ್ತದೆ, ಉಳಿದ ಅಂಕಿಗಳೆಲ್ಲ ಒಂದೇ. ನಿಮ್ಮ ಜೇಬಿನ ಸಾಮಾನ್ಯ ಕ್ಯಾಲ್ಕುಲೇಟರ್‌ಗೆ ಅಷ್ಟು ಅಂಕಿಗಳನ್ನು ತೋರಿಸುವ ಜಾಗವೇ ಇಲ್ಲ. ಅದರ ಪಾಲಿಗೆ ಈ ಎರಡೂ ಒಂದೇ ಸಂಖ್ಯೆ. ಆ ಒಂದರ ಅಂತರವನ್ನು ಕಾಣಲು ಕಾಗದ, ಪೆನ್ಸಿಲ್ ಮತ್ತು ತಾಳ್ಮೆ ಬೇಕು.

ಒಂಬತ್ತನ್ನು ಕಳೆಯುವ ತಾಳೆಯನ್ನೂ ಮಾಡಿ ನೋಡಬಹುದು. ಭಾರತದ ಮತ್ತು ಅರಬ್ಬರ ಹಳೆಯ ಗಣಿತ ಗ್ರಂಥಗಳಲ್ಲಿ ಈ ತಾಳೆ ಪ್ರಸಿದ್ಧ. ಜ್ಯೇಷ್ಠದ ಅಂಕಿಗಳನ್ನು ಕೂಡಿಸಿದರೆ 46, ಮತ್ತೆ ಕೂಡಿಸಿದರೆ 10, ಮತ್ತೆ ಕೂಡಿಸಿದರೆ 1. ಅದರ ವರ್ಗವೂ 1. ಕನಿಷ್ಠದ ಅಂಕಿಗಳ ಮೊತ್ತ 36, ಅಂದರೆ ಅದು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದ್ದರಿಂದ ಆ ಕಡೆ ಉಳಿಯುವುದು ಸೊನ್ನೆ, ಅದಕ್ಕೆ 1 ಕೂಡಿಸಿದರೆ 1. ತಾಳೆ ಸರಿಯಾಯಿತು.

ಯುರೋಪಿನಲ್ಲಿ ಇದೇ ಪ್ರಶ್ನೆ

1657ರಲ್ಲಿ ಫ್ರಾನ್ಸ್ ದೇಶದ ಗಣಿತಜ್ಞ ಫರ್ಮಾ ಇದೇ ಬಗೆಯ ಪ್ರಶ್ನೆಯನ್ನು ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದರು. ಅವರು ಆರಿಸಿದ ಸಂಖ್ಯೆಗಳಲ್ಲಿ 61 ಕೂಡ ಒಂದು. ಇಂಗ್ಲೆಂಡಿನ ಬ್ರೌಂಕರ್ ಮತ್ತು ವಾಲಿಸ್ ಅದನ್ನು ಬಿಡಿಸುವ ಮಾರ್ಗ ಕಂಡರು. ಮುಂದೆ ಆಯ್ಲರ್ ಎಂಬ ಮಹಾ ಗಣಿತಜ್ಞರು ತಪ್ಪಾಗಿ ತಿಳಿದು ಈ ಸಮೀಕರಣಕ್ಕೆ ಪೆಲ್ ಎಂಬವರ ಹೆಸರನ್ನು ಜೋಡಿಸಿದರು. ಆ ಹೆಸರೇ ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ವರ್ಗವಲ್ಲದ ಪ್ರತಿಯೊಂದು ಸಂಖ್ಯೆಗೂ ಇಂತಹ ಉತ್ತರ ಇದ್ದೇ ಇರುತ್ತದೆ ಎಂಬುದನ್ನು 1768ರಲ್ಲಿ ಲಗ್ರಾಂಜ್ ಸಿದ್ಧಪಡಿಸಿದರು. ಭಾಸ್ಕರರಿಗೂ ಫರ್ಮಾಗೂ ನಡುವಿನ ಅಂತರ 507 ವರ್ಷ.

ಹಾಗೆಂದು ಎಲ್ಲವನ್ನೂ ಭಾಸ್ಕರರೊಬ್ಬರೇ ಕಂಡುಹಿಡಿದರು ಎಂದು ಹೇಳಿದರೆ ಅದು ನ್ಯಾಯವಲ್ಲ. ಚಕ್ರವಾಲ ವಿಧಾನವನ್ನು ಅವರಿಗಿಂತ ಮೊದಲೇ ಜಯದೇವ ಎಂಬ ಗಣಿತಜ್ಞರು ತಿಳಿದಿದ್ದರು. 1073ರಲ್ಲಿ ಬರೆದ ಒಂದು ವ್ಯಾಖ್ಯಾನದಲ್ಲಿ ಅದರ ಉಲ್ಲೇಖವಿದೆ. ತಮ್ಮ ಬೀಜಗಣಿತವು ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭರ ವಿಸ್ತಾರವಾದ ಗ್ರಂಥಗಳ ಸಾರ ಎಂದು ಸ್ವತಃ ಭಾಸ್ಕರರೇ ಒಪ್ಪಿಕೊಂಡಿದ್ದಾರೆ. ದೊಡ್ಡವರ ದೊಡ್ಡತನ ಇರುವುದೇ ಇಲ್ಲಿ.

ಫಾರಸಿಗೆ ಹೋದ ಲೀಲಾವತಿ

ಜ್ಞಾನಕ್ಕೆ ಗಡಿಯಿಲ್ಲ. ಬ್ರಹ್ಮಗುಪ್ತರ ಗಣಿತ ಎಂಟನೆಯ ಶತಮಾನದಲ್ಲಿಯೇ ಬಗ್ದಾದಿಗೆ ಹೋಗಿ ಅರಬ್ಬಿ ಭಾಷೆಯನ್ನು ಸೇರಿತು. ಒಂಬತ್ತನೆಯ ಶತಮಾನದಲ್ಲಿ ಅಲ್ ಖ್ವಾರಿಜ್ಮಿ ಭಾರತದ ಅಂಕಿಗಳ ಬಗ್ಗೆ ಗ್ರಂಥ ಬರೆದು ಅವುಗಳನ್ನು ಮುಂದೆ ಯುರೋಪಿಗೆ ಮುಟ್ಟಿಸಲು ಕಾರಣರಾದರು. ಅವರ ಮತ್ತೊಂದು ಗ್ರಂಥದ ಹೆಸರಿನಲ್ಲಿರುವ ಅಲ್ ಜಬ್ರ್ ಎಂಬ ಪದದಿಂದಲೇ ಇಂದಿನ ಆಲ್‌ಜೀಬ್ರಾ ಎಂಬ ಹೆಸರು ಬಂದಿದೆ.

ಭಾಸ್ಕರರ ಗ್ರಂಥಗಳಿಗೂ ಅಂತಹ ಭಾಗ್ಯ ದೊರೆಯಿತು. 1587ರಲ್ಲಿ, ಹಿಜರಿ 995ರಲ್ಲಿ, ಅಕ್ಬರ್ ಬಾದಶಹರ ಆಜ್ಞೆಯಂತೆ ಆಸ್ಥಾನ ಕವಿ ಅಬುಲ್ ಫೈಜ್ ಫೈಜಿ ಅವರು ಲೀಲಾವತಿಯನ್ನು ಫಾರಸಿಗೆ ಅನುವಾದಿಸಿದರು. ಇವರು 'ಅಕ್ಬರನಾಮಾ' ಬರೆದ ಅಬುಲ್ ಫಜಲ್ ಅವರ ಅಣ್ಣ. ಭಾಸ್ಕರರ ಮಗಳು ಲೀಲಾವತಿಯ ಕಥೆಯನ್ನು ನೀವು ಕೇಳಿರಬಹುದು. ಮಗಳ ಮದುವೆಯ ಮುಹೂರ್ತ ತಿಳಿಯಲು ತಂದೆ ನೀರಿನ ಗಡಿಯಾರದ ಬಟ್ಟಲನ್ನಿಟ್ಟರು, ಹುಡುಗಿ ಕುತೂಹಲದಿಂದ ಬಗ್ಗಿ ನೋಡುವಾಗ ಉಡುಪಿನ ಮುತ್ತೊಂದು ಬಿದ್ದು ಬಟ್ಟಲಿನ ರಂಧ್ರ ಮುಚ್ಚಿಹೋಯಿತು, ಮುಹೂರ್ತ ಮೀರಿತು, ತಂದೆ ಆಕೆಯ ಹೆಸರು ಚಿರಕಾಲ ಉಳಿಯಲೆಂದು ಗ್ರಂಥಕ್ಕೆ ಆ ಹೆಸರಿಟ್ಟರು ಎಂಬ ಕಥೆ. ಈ ಕಥೆ ನಮಗೆ ಬಂದಿರುವುದು ಫೈಜಿಯವರ ಫಾರಸಿ ಮುನ್ನುಡಿಯಿಂದ. ಭಾಸ್ಕರರ ಮೂಲ ಗ್ರಂಥದಲ್ಲಿ ಅದು ಇಲ್ಲ. ಕಥೆ ಹೇಗೇ ಇರಲಿ, ಒಂದು ಮಾತಂತೂ ನಿಜ. ಆ ಗ್ರಂಥದ ಹಲವು ಲೆಕ್ಕಗಳು ಒಬ್ಬ ಹೆಣ್ಣುಮಗಳನ್ನು ಉದ್ದೇಶಿಸಿ ಕೇಳಿದವು. ಗಣಿತ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ ಎನ್ನುವವರಿಗೆ ಎಂಟುನೂರು ವರ್ಷಗಳ ಹಿಂದೆಯೇ ಸಿಕ್ಕ ಉತ್ತರ ಇದು.

ಚಕ್ರವಾಲ ಇರುವುದು ಬೀಜಗಣಿತ ಗ್ರಂಥದಲ್ಲಿ. ಅದನ್ನು 1634–35ರ ಸುಮಾರಿಗೆ ಫಾರಸಿಗೆ ತಂದು ಶಹಜಹಾನ್ ಬಾದಶಹರಿಗೆ ಅರ್ಪಿಸಿದವರು ಅತಾವುಲ್ಲಾ ರಶೀದಿ. ಇವರು ತಾಜಮಹಲಿನ ಶಿಲ್ಪಿಯೆಂದು ಹೆಸರಾದ ಉಸ್ತಾದ್ ಅಹ್ಮದ್ ಲಾಹೋರಿಯವರ ಮಗ. ಔರಂಗಾಬಾದಿನ ಬೀಬಿ ಕಾ ಮಕ್ಬರಾದ ಬಾಗಿಲಿನ ಬರಹದಲ್ಲಿಯೂ ಶಿಲ್ಪಿಯಾಗಿ ಅತಾವುಲ್ಲಾ ಅವರ ಹೆಸರಿದೆ. ಕಟ್ಟಡ ಕಟ್ಟುವ ಮನೆತನದವರಿಗೆ ಬೀಜಗಣಿತದ ಬೆಲೆ ಗೊತ್ತಿತ್ತು. 1813ರಲ್ಲಿ ಈ ಫಾರಸಿ ಗ್ರಂಥದಿಂದಲೇ ಬೀಜಗಣಿತ ಇಂಗ್ಲಿಷಿಗೆ ಹೋಯಿತು. ನಾಲ್ಕು ವರ್ಷಗಳ ನಂತರ, 1817ರಲ್ಲಿ, ಕೋಲ್‌ಬ್ರೂಕ್ ಅವರು ಮೂಲ ಸಂಸ್ಕೃತದಿಂದ ಅನುವಾದ ಪ್ರಕಟಿಸಿದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಫರ್ಮಾ ಸವಾಲು ಹಾಕಿದ್ದು 1657ರಲ್ಲಿ. ಆ ಸವಾಲಿಗೆ ಉತ್ತರವಿದ್ದ ಗ್ರಂಥ ಅದಕ್ಕಿಂತ ಇಪ್ಪತ್ತು ವರ್ಷಗಳಿಗೂ ಮೊದಲೇ ಫಾರಸಿಯಲ್ಲಿ ಸಿದ್ಧವಾಗಿತ್ತು. ಆದರೆ ಪ್ರಶ್ನೆ ಕೇಳಿದವರಿಗೂ ಉತ್ತರವಿದ್ದ ಪುಸ್ತಕಕ್ಕೂ ಭೇಟಿಯೇ ಆಗಲಿಲ್ಲ. ಪುಸ್ತಕ ಕಪಾಟಿನಲ್ಲಿದ್ದರೆ ಸಾಲದು, ಅದನ್ನು ತೆರೆಯುವ ಕೈಯೂ ಬೇಕು, ಓದಬಲ್ಲ ಭಾಷೆಯೂ ಬೇಕು.

ನಂತರದವರ ಕೆಲಸ

ಭಾಸ್ಕರರ ಮಗ ಲಕ್ಷ್ಮೀಧರರು ಯಾದವ ದೊರೆ ಜೈತ್ರಪಾಲನ ಆಸ್ಥಾನದಲ್ಲಿ ಪಂಡಿತರಾಗಿದ್ದರು. ಮೊಮ್ಮಗ ಚಾಂಗದೇವರು ಸಿಂಘಣ ದೊರೆಯ ಆಸ್ಥಾನ ಜ್ಯೋತಿಷಿಗಳು. ಈ ಚಾಂಗದೇವರು ಅಜ್ಜನ ಗ್ರಂಥಗಳನ್ನು ಕಲಿಸುವುದಕ್ಕಾಗಿಯೇ ಒಂದು ಮಠವನ್ನು, ಅಂದರೆ ವಿದ್ಯಾಲಯವನ್ನು ಸ್ಥಾಪಿಸಿದರು. ಚಾಳೀಸಗಾಂವ ಸಮೀಪದ ಪಾಟಣದ 1207ರ ಶಾಸನದಲ್ಲಿ ಆ ಮಠದ ವಿಚಾರವೂ, ಅದಕ್ಕೆ ದೊರೆತ ದತ್ತಿಯ ವಿಚಾರವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಡಾ. ಭಾವು ದಾಜಿ ಅವರು ಈ ಶಾಸನವನ್ನು ಬೆಳಕಿಗೆ ತಂದರು.

ಪಂಡಿತನೊಬ್ಬ ಗ್ರಂಥ ಬರೆದ ಮಾತ್ರಕ್ಕೆ ವಿದ್ಯೆ ಉಳಿಯುವುದಿಲ್ಲ. ಅದನ್ನು ಕಲಿಸಲು ಶಾಲೆ ಬೇಕು, ಶಾಲೆ ನಡೆಯಲು ದಾನಿಗಳು ಬೇಕು, ದಾನ ಸಾರ್ಥಕವಾಗಲು ಓದುವ ಮಕ್ಕಳು ಬೇಕು. ಸಂಸ್ಥೆಯ ಸದಸ್ಯರಾದ ಹಿರಿಯರೇ, ವರ್ಷವರ್ಷವೂ ನೀವು ಮಕ್ಕಳ ಫೀಸಿಗೆ, ಪುಸ್ತಕಕ್ಕೆ, ಹಾಸ್ಟೆಲ್ಲಿಗೆ ಕೊಡುವ ಹಣವೂ ಇದೇ ಬಗೆಯ ದತ್ತಿ. ಅದರ ಫಲ ಕೊಟ್ಟವರ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಚಾಂಗದೇವರ ಮಠಕ್ಕೆ ದತ್ತಿ ಕೊಟ್ಟವರಿಗೆ ಫೈಜಿಯವರೂ ಕಾಣಲಿಲ್ಲ, ಅತಾವುಲ್ಲಾ ಅವರೂ ಕಾಣಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಧಾರವಾಡಕ್ಕೆ ದೂರದೂರದ ಊರುಗಳಿಂದ ಮಕ್ಕಳು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆಂದು ಬಂದು ಕೋಣೆ ಬಾಡಿಗೆ ಹಿಡಿದು ಓದುತ್ತಾರೆ. ಅಲ್ಲಿ ಒಂದು ಲೆಕ್ಕಕ್ಕೆ ಸಿಗುವುದು ಒಂದೋ ಎರಡೋ ನಿಮಿಷ. ಉತ್ತರ ಬೇಗ ಬಾರದಿದ್ದರೆ ಬಿಟ್ಟು ಮುಂದೆ ಹೋಗಿ ಎನ್ನುತ್ತಾರೆ. ಪರೀಕ್ಷೆಯ ಕೋಣೆಯಲ್ಲಿ ಅದು ಸರಿ. ಆದರೆ ಆ ಅಭ್ಯಾಸವನ್ನು ಮನೆಗೂ ತಂದು, ಬೇಗ ಬಾರದ ಲೆಕ್ಕ ನನ್ನಿಂದಾಗದ ಲೆಕ್ಕ ಎಂದು ತೀರ್ಮಾನಿಸಿ ಎಷ್ಟೋ ಜಾಣ ಮಕ್ಕಳು ಗಣಿತವನ್ನೇ ಕೈಬಿಡುತ್ತಾರೆ. 61ರ ಲೆಕ್ಕವನ್ನು ನೂರರವರೆಗೆ ನೋಡಿ ಬಿಟ್ಟವನಿಗೆ ಅದಕ್ಕೆ ಉತ್ತರವೇ ಇಲ್ಲವೆನಿಸುತ್ತದೆ. ಕೋಟಿಯವರೆಗೆ ನೋಡಿ ಬಿಟ್ಟವನಿಗೂ ಹಾಗೆಯೇ ಅನಿಸುತ್ತದೆ. ಉತ್ತರ ಮಾತ್ರ ತನ್ನ ಜಾಗದಲ್ಲಿ ಇದ್ದೇ ಇದೆ. ಭಾಸ್ಕರರು ಕಣ್ಣುಮುಚ್ಚಿ ಹುಡುಕಲಿಲ್ಲ. ಕೈಗೆ ಸಿಕ್ಕ ಅರೆಸರಿ ಉತ್ತರವನ್ನು ಎಸೆಯದೆ, ಅದನ್ನೇ ಮೆಟ್ಟಿಲಾಗಿಸಿಕೊಂಡು ಮೇಲೇರಿದರು.

ಒಂದು ಅಭ್ಯಾಸವನ್ನು ಕೊಟ್ಟು ಮುಗಿಸುತ್ತೇನೆ. 61ರ ಬದಲು 13 ಇಟ್ಟುಕೊಂಡು ಇದೇ ಲೆಕ್ಕ ಮಾಡಿ. 4ರ ವರ್ಗ 16, ಅದು 13ಕ್ಕಿಂತ 3 ಹೆಚ್ಚು ಎಂಬಲ್ಲಿಂದ ಹೊರಡಿ. ಉತ್ತರದ ಎರಡೂ ಸಂಖ್ಯೆಗಳು ಮೂರು ಅಂಕಿಯವು. ಒಬ್ಬರಿಗೇ ಆಗದಿದ್ದರೆ ಇಬ್ಬರು ಕುಳಿತು ಮಾಡಿ, ಸಂಜೆಯೊಳಗೆ ಸಿಗುತ್ತದೆ.